ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲಿ ಕಟ್ಟಿದ ವಿಮಾನ ಹಾರುತ್ತಲೇ ಮುರಿದರೆ

ಹೋದ ಸಂಚಿಕೆಯಲ್ಲಿ ಅಮೆರಿಕದಲ್ಲಿ ಗ್ಯಾರೇಜಿನಲ್ಲೇ ಎರಡು ಸೀಟಿನ ವಿಮಾನ ಕಟ್ಟಿ ಹಾರಿಸುವವರ ಬಗ್ಗೆ ಬರೆದಿದ್ದೆ. ಎಷ್ಟು ಖರ್ಚಾಗುತ್ತೆ, ಜೋಡಿಸುವ ಭಾಗಗಳ ಕಿಟ್ ಎಲ್ಲಿ ಸಿಗುತ್ತೆ ಅಂತ ಕೇಳುತ್ತೀರಿ ಅಂದುಕೊಂಡಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಬೇರೆ: ಅದು ಮೇಲೆ ಹೋಗಿ ಮುರಿದರೆ? ಮುರಿದ ಮೇಲೆ ಯಾಕೆ ಮುರೀತು ಅಂತ ಯಾರು, ಹೇಗೆ ಪತ್ತೆ ಮಾಡ್ತಾರೆ? ಸರಿ, ಈ ಸಲ ಪೂರ್ತಿ ಅದೇ ಇರಲಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ.

ಪ್ರಶ್ನೆ: ನೆಲಕ್ಕೆ ಬಿದ್ದ ಮೇಲೆ ಎಲ್ಲ ಪುಡಿಪುಡಿ ಆಗಿರುತ್ತೆ ಅಲ್ವಾ ಸರ್? ಗಾಳಿಯಲ್ಲೇ ಮುರಿದಿದ್ದೋ, ನೆಲಕ್ಕೆ ಬಡಿದು ಮುರಿದಿದ್ದೋ ಅಂತ ಹೇಗೆ ಹೇಳ್ತಾರೆ? (ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ)

ಮೊದಲು ಎಣಿಸುತ್ತಾರೆ. ಮೂತಿ ಇದೆಯಾ, ಬಾಲ ಇದೆಯಾ, ಎಡ ರೆಕ್ಕೆಯ ತುದಿ ಇದೆಯಾ, ಬಲ ರೆಕ್ಕೆಯ ತುದಿ ಇದೆಯಾ. ಈ ನಾಲ್ಕೂ ಬಿದ್ದ ಜಾಗದಲ್ಲೇ ಸಿಕ್ಕರೆ ವಿಮಾನ ಇಡಿಯಾಗಿ ಬಂದು ಬಡಿದಿದೆ ಅಂತ ಅಂದಾಜು ಮಾಡಬಹುದು. ಒಂದು ತುದಿ ಇಲ್ಲ, ಅದು ಮುಕ್ಕಾಲು ಕಿಲೋಮೀಟರ್ ಹಿಂದೆ ಯಾರದೋ ಹೊಲದಲ್ಲಿ ಸಿಕ್ಕಿತು ಅಂದರೆ, ಅಲ್ಲಿಗೆ ತನಿಖೆಯ ದಿಕ್ಕೇ ಬದಲಾಗುತ್ತದೆ. ಅದಕ್ಕೇ ಅನುಭವ ಇರುವ ತನಿಖಾಧಿಕಾರಿ ದೊಡ್ಡ ಅವಶೇಷದ ಹತ್ತಿರವೇ ನಿಂತಿರುವುದಿಲ್ಲ. ವಿಮಾನ ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯುತ್ತಾ ಹೋಗುತ್ತಾರೆ. ಮೊದಲು ಕಳಚಿದ ತುಂಡು ಸಾಮಾನ್ಯವಾಗಿ ಆ ದಾರಿಯ ಶುರುವಿನ ಕಡೆ ಇರುತ್ತದೆ.

ಸಾಮಾನ್ಯವಾಗಿ ಅಂದೆ, ಯಾವಾಗಲೂ ಅಲ್ಲ. ಎಂಜಿನ್ ಥರದ ಭಾರದ ವಸ್ತು ಇದ್ದ ವೇಗದಲ್ಲೇ ಮುಂದಕ್ಕೆ ಹೋಗಿ ಬೀಳುತ್ತೆ. ತೆಳು ತಗಡು, ಪ್ಲೆಕ್ಸಿಗ್ಲಾಸ್ ಚೂರು, ಸೀಟಿನ ಸ್ಪಂಜು, ಇವೆಲ್ಲ ಗಾಳಿ ಬೀಸಿದ ಕಡೆ ತೇಲಿಕೊಂಡು ಹೋಗುತ್ತವೆ. ಹಾಗಾಗಿ ಪ್ರತಿ ತುಂಡಿನ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿ, ಅದರ ತೂಕ ಮತ್ತು ಆಕಾರ ನೋಡಿ, ಆ ಹೊತ್ತಿನಲ್ಲಿ ಯಾವ ಎತ್ತರದಲ್ಲಿ ಗಾಳಿ ಎಷ್ಟು ಇತ್ತು ಅಂತ ಹವಾಮಾನದವರಿಂದ ತರಿಸಿಕೊಂಡು, ಲೆಕ್ಕ ಹಾಕಿ ಹಿಂದಕ್ಕೆ ಹೋಗುತ್ತಾರೆ. ಆಗ ಎಷ್ಟು ಎತ್ತರದಲ್ಲಿ, ಸುಮಾರು ಯಾವ ಜಾಗದಲ್ಲಿ ಮುರಿಯಲು ಶುರುವಾಯಿತು ಅನ್ನುವುದು ಸಿಗುತ್ತದೆ.

ಆಮೇಲೆ ಮುರಿದ ಅಂಚುಗಳು. ನಿಜವಾದ ಮಾಹಿತಿ ಇರೋದು ಇಲ್ಲಿ. ಅಲ್ಯೂಮಿನಿಯಂ ತಗಡು ಒಂದೇ ಏಟಿಗೆ ಭಾರ ತಡೆಯಲಾರದೆ ಹರಿದರೆ ಅಂಚು ಓರೆಯಾಗಿ, ಹೆಚ್ಚುಕಡಿಮೆ 45 ಡಿಗ್ರಿಯಲ್ಲಿ, ಮಸುಕಾಗಿ ಇರುತ್ತದೆ. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿರುಕು ಬೆಳೆದು ಮುರಿದಿದ್ದರೆ ಅಂಚು ಚಪ್ಪಟೆ, ಅದರ ಮೇಲೆ ಒಂದರ ಪಕ್ಕ ಒಂದು ಬಾಗಿದ ಗೆರೆಗಳು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇನ್ನೂ ಸಣ್ಣ ಗೆರೆಗಳು ಕಾಣಿಸುತ್ತವೆ. ರೆಕ್ಕೆಯ ಬೆನ್ನೆಲುಬಾದ ಸ್ಪಾರ್ ನೋಡಿದರೆ ಅದರ ಮೇಲಿನ ಪಟ್ಟಿ ಸುಕ್ಕುಗಟ್ಟಿ, ಕೆಳಗಿನ ಪಟ್ಟಿ ಎಳೆದು ಹರಿದಿದ್ದರೆ ರೆಕ್ಕೆ ಮೇಲಕ್ಕೆ ಮಡಚಿದೆ ಅಂತ ಅರ್ಥ. ಉಲ್ಟಾ ಇದ್ದರೆ ಕೆಳಕ್ಕೆ. ಬಾಲದ ಮೇಲೆ ರೆಕ್ಕೆಯ ಬಣ್ಣ ಹತ್ತಿದ್ದರೆ ಮುರಿದ ರೆಕ್ಕೆ ಗಾಳಿಯಲ್ಲೇ ಹಿಂದಕ್ಕೆ ಹೋಗಿ ಬಾಲಕ್ಕೆ ಬಡಿದಿದೆ. ನೆಲದ ಮೇಲೆ ರೆಕ್ಕೆ ಒಂದು ಕಡೆ, ಬಾಲ ಇನ್ನೊಂದು ಕಡೆ ಬಿದ್ದಿದ್ದರೆ ಆ ಬಣ್ಣ ಅಲ್ಲಿಗೆ ಬರೋಕೆ ಬೇರೆ ದಾರಿಯೇ ಇಲ್ಲ.

ಕಣ್ಣಾರೆ ಕಂಡವರ ಮಾತನ್ನೂ ಕೇಳುತ್ತಾರೆ, ಆದರೆ ಎಚ್ಚರಿಕೆಯಿಂದ. ಒಂದು ಕಿಲೋಮೀಟರ್ ದೂರದ ಶಬ್ದ ನಿಮ್ಮ ಕಿವಿಗೆ ಬರೋಕೆ ಸುಮಾರು 3 ಸೆಕೆಂಡ್ ಬೇಕು. 'ಢಮ್ ಅಂತು, ತಲೆ ಎತ್ತಿ ನೋಡಿದೆ, ತುಂಡುಗಳು ಬೀಳುತ್ತಿದ್ದವು' ಅಂತ ಹತ್ತು ಜನ ಹೇಳುತ್ತಾರೆ, ಹತ್ತೂ ಜನ ನಿಜವನ್ನೇ ಹೇಳುತ್ತಿರುತ್ತಾರೆ. ಆದರೆ ಅವರು ತಲೆ ಎತ್ತುವ ಹೊತ್ತಿಗೆ ಮುಖ್ಯ ಘಟನೆ ಮುಗಿದಿರುತ್ತದೆ. ಹಾಗಾಗಿ 'ಸ್ಫೋಟ ಆಯ್ತು' ಅನ್ನುವ ಮಾತು ಪತ್ರಿಕೆಯಲ್ಲಿ ಬಂದರೆ ಸ್ವಲ್ಪ ತಡೆದು ನಂಬಿ. ಲೋಹ ಒಡೆಯುವ ಶಬ್ದವೂ ಹಾಗೇ ಕೇಳಿಸುತ್ತದೆ.

ಪ್ರಶ್ನೆ: ಫ್ಲಟರ್ ಅನ್ನುವ ಪದ ಓದಿದೆ. ಗಾಳಿ ಜೋರಾಗಿ ಬೀಸಿದರೆ ಆಗೋದಾ ಅದು? ಸುಲಭವಾಗಿ ಹೇಳಿ. (ಹುಬ್ಬಳ್ಳಿಯಿಂದ)

ಗಾಳಿ ಬೀಸದೆ ಇದ್ದರೂ ಆಗುತ್ತದೆ. ವಿಮಾನದ ವೇಗವೇ ಸಾಕು. ಹೈವೇಯಲ್ಲಿ ಲಾರಿಯ ಟಾರ್ಪಾಲಿನ್ ಹಗ್ಗ ಸಡಿಲವಾಗಿದ್ದರೆ ನಿಧಾನಕ್ಕೆ ಹೋಗುವಾಗ ಸುಮ್ನೆ ಇರುತ್ತದೆ, ಒಂದು ವೇಗ ದಾಟಿದ ಕೂಡಲೇ ಪಟಪಟ ಹೊಡೆದುಕೊಳ್ಳಲು ಶುರು ಮಾಡುತ್ತದೆ, ನೋಡಿರುತ್ತೀರಿ. ರೆಕ್ಕೆಯ ಹಿಂಬದಿಯಲ್ಲಿ ವಿಮಾನವನ್ನು ಆ ಕಡೆ ಈ ಕಡೆ ವಾಲಿಸುವ ಬಾಗಿಲಿನಂಥ ಏಲರಾನ್ ಇದೆಯಲ್ಲ, ಅದಕ್ಕೂ ಹೀಗೆ ಆಗಬಹುದು. ಏಲರಾನಿನ ತೂಕವೆಲ್ಲ ಅದರ ಹಿಂಜಿನ (ಬಾಗಿಲಿಗೆ ಇರುವಂಥ ಕೀಲು) ಹಿಂದೆ ಇದ್ದರೆ, ರೆಕ್ಕೆ ಸ್ವಲ್ಪ ಮೇಲಕ್ಕೆ ಹೋದಾಗ ಏಲರಾನ್ ಹಿಂದುಳಿದು ಕೆಳಗೆ ಜೋಲುತ್ತದೆ. ಅದು ಕೆಳಗೆ ಜೋತರೆ ರೆಕ್ಕೆಗೆ ಇನ್ನಷ್ಟು ಎತ್ತುವ ಬಲ. ರೆಕ್ಕೆ ಇನ್ನೂ ಮೇಲೆ. ಬಾಗಿದ ರೆಕ್ಕೆ ವಾಪಸ್ ಬರುವಾಗ ಇದೇ ಆಟ ಉಲ್ಟಾ. ಪ್ರತಿ ಸುತ್ತಿಗೂ ಗಾಳಿಯಿಂದ ಸ್ವಲ್ಪ ಶಕ್ತಿ ಒಳಗೆ ಸೇರುತ್ತದೆ. ಕಡಿಮೆ ವೇಗದಲ್ಲಿ ಅದು ತಾನಾಗಿ ಸತ್ತುಹೋಗುತ್ತದೆ. ಒಂದು ವೇಗ ದಾಟಿದರೆ ಸಾಯುವುದಿಲ್ಲ, ಬೆಳೆಯುತ್ತದೆ, ಕೆಲವೇ ಸೆಕೆಂಡುಗಳಲ್ಲಿ ರೆಕ್ಕೆಯನ್ನೇ ಮುರಿಯುವಷ್ಟು. ಪೈಲಟ್‌ಗೆ 'ಏನಿದು ನಡುಗ್ತಿದೆ' ಅಂತ ಯೋಚಿಸುವಷ್ಟೂ ಸಮಯ ಸಿಗದೆ ಇರಬಹುದು.

ಇದಕ್ಕೆ ಮದ್ದು ಬಹಳ ಹಳೆಯದು. 1916ರಲ್ಲಿ ಬ್ರಿಟನ್ನಿನ ಹ್ಯಾಂಡ್ಲಿ ಪೇಜ್ ಬಾಂಬರ್ ವಿಮಾನದ ಬಾಲ ಹೀಗೆ ಒದ್ದಾಡಿದಾಗ ಲಾಂಚೆಸ್ಟರ್ ಅನ್ನುವ ಎಂಜಿನಿಯರ್ ನೋಡಿ, ವಿಮಾನದ ಮೂತಿಯನ್ನು ಮೇಲೆ ಕೆಳಗೆ ಮಾಡುವ, ಬಾಲದ ಎಡ ಬಲ ಎಲಿವೇಟರುಗಳು ಒಂದಕ್ಕೊಂದು ಗಟ್ಟಿಯಾಗಿ ಸೇರಿಲ್ಲ, ಅದೇ ತೊಂದರೆ ಅಂದರು. ಎರಡನ್ನೂ ಒಂದು ಗಟ್ಟಿ ಕೊಳವೆಯಿಂದ ಜೋಡಿಸಿದ ಮೇಲೆ ಸರಿಹೋಯಿತು. 1920ರ ದಶಕದ ಶುರುವಿನಲ್ಲಿ ನೆದರ್‌ಲ್ಯಾಂಡ್ಸ್‌ನ ಬೌಮ್‌ಹೌವರ್ ಮತ್ತು ಕೋನಿಂಗ್ ಇನ್ನೊಂದು ಉಪಾಯ ತೋರಿಸಿದರು: ಹಿಂಜಿನ ಮುಂದೆ ಒಂದು ಸೀಸದ ತುಂಡು ಕಟ್ಟಿ, ತೂಕ ಸಮ ಮಾಡಿ. ನೂರು ವರ್ಷ ಆದರೂ ಇವತ್ತಿಗೂ ಅದೇ ಉಪಾಯ.

ಮನೆಯಲ್ಲಿ ಕಟ್ಟುವವರು ಎಡವುವ ಒಂದು ಜಾಗ ಹೇಳುತ್ತೇನೆ. ಬಾಲದಲ್ಲಿ ನೆಟ್ಟಗೆ ನಿಂತು ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ರಡ್ಡರ್‌ಗೆ ಹೊಸ ಬಣ್ಣ ಹೊಡೆಯೋಣ, ಹಳೆಯದರ ಮೇಲೇ ಇನ್ನೆರಡು ಕೋಟ್ ಹೊಡೆಯೋಣ ಅನ್ನುತ್ತಾರೆ. ಆ ಬಣ್ಣದ ತೂಕ ಹೆಚ್ಚಾಗಿ ಬೀಳೋದು ಹಿಂಜಿನ ಹಿಂದೆ. ಮತ್ತೆ ತೂಗಿ ಸಮ ಮಾಡದಿದ್ದರೆ ನೋಡೋಕೆ ಚೆಂದದ, ಹಾರಿಸೋಕೆ ಅಪಾಯದ ರಡ್ಡರ್ ರೆಡಿ. ಸ್ಕ್ರೂ ನಟ್ಟುಗಳದ್ದೂ ಅದೇ ಕತೆ. 2011ರ ಸೆಪ್ಟೆಂಬರಿನಲ್ಲಿ ಅಮೆರಿಕದ ರೀನೋ ವಿಮಾನ ರೇಸಿನಲ್ಲಿ 'ಗ್ಯಾಲಪಿಂಗ್ ಘೋಸ್ಟ್' ಅನ್ನುವ ವಿಮಾನ ಪ್ರೇಕ್ಷಕರ ಹತ್ತಿರವೇ ಬಿದ್ದು ಪೈಲಟ್ ಸೇರಿ 11 ಜನ ಸತ್ತರು. ಅದು ಮನೆಯಲ್ಲಿ ಕಟ್ಟಿದ್ದಲ್ಲ, ತುಂಬ ಮಾರ್ಪಾಡು ಮಾಡಿದ ಹಳೆಯ ಯುದ್ಧವಿಮಾನ. ಮತ್ತೆ ಮತ್ತೆ ಬಳಸಿ ಹಿಡಿತ ಕಳೆದುಕೊಂಡಿದ್ದ ಲಾಕ್‌ನಟ್ಟುಗಳಿಂದ ಬಾಲದ ಎಲಿವೇಟರಿನ ಅಂಚಿನಲ್ಲಿರುವ ಟ್ರಿಮ್ ಟ್ಯಾಬ್ ಅನ್ನುವ ಪುಟ್ಟ ಪಟ್ಟಿಯ ಸ್ಕ್ರೂ ಸಡಿಲವಾಗಿ, ಫ್ಲಟರ್ ಆಗಿ, ಟ್ಯಾಬ್ ಕಿತ್ತುಹೋಯಿತು. ವಿಮಾನ ಒಮ್ಮೆಲೇ ಮೇಲಕ್ಕೆ ಚಿಮ್ಮಿತು, 17 ಜಿಗೂ (ಅಂದರೆ ದೇಹದ ತೂಕದ 17ರಷ್ಟಕ್ಕೂ) ಮೀರಿದ ಒತ್ತಡಕ್ಕೆ ಪೈಲಟ್ ಪ್ರಜ್ಞೆ ತಪ್ಪಿದರು.

ಫ್ಲಟರ್ ಆಗಿತ್ತು ಅಂತ ಅವಶೇಷದಲ್ಲಿ ಹೇಗೆ ಗೊತ್ತಾಗುತ್ತೆ? ಏಲರಾನ್ ಎಲ್ಲಿಯವರೆಗೆ ಹೋಗಬಹುದು ಅಂತ ತಡೆಯುವ ಸ್ಟಾಪ್ ಇರುತ್ತದೆ, ಅದರ ಮೇಲೆ ಪದೇಪದೇ ಬಡಿದ ಗುರುತು. ಹಿಂಜಿನ ತೂತುಗಳು ಉದ್ದುದ್ದ ಎಳೆದಿರುತ್ತವೆ. ತಗಡು ಎರಡೂ ದಿಕ್ಕಿಗೆ ಓರೆಯಾಗಿ ಸುಕ್ಕಾಗಿರುತ್ತದೆ. ಒಂದೇ ಸಲ ಬಿದ್ದು ಮುರಿದರೆ ಒಂದು ದಿಕ್ಕಿನ ಸುಕ್ಕು ಮಾತ್ರ ಇರಬೇಕಿತ್ತು.

ದೊಡ್ಡ ವಿಮಾನಗಳಿಗೆ ಹಾರುವ ಮುಂಚೆಯೇ ಗ್ರೌಂಡ್ ವೈಬ್ರೇಶನ್ ಟೆಸ್ಟ್ ಮಾಡುತ್ತಾರೆ, ನೆಲದ ಮೇಲೇ ಅಲ್ಲಾಡಿಸಿ ಯಾವ ಭಾಗ ಹೇಗೆ ನಡುಗುತ್ತದೆ ಅಂತ ಅಳೆಯುತ್ತಾರೆ. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾಲಯ ಎನ್‌ಎಎಲ್‌ನವರು ತೇಜಸ್‌ಗೆ ಮಾಡಿದ್ದೂ ಇಂಥದ್ದೇ ಕೆಲಸ. ಗ್ಯಾರೇಜಿನಲ್ಲಿ ಕಟ್ಟುವವರಿಗೆ ಅದು ಎಟುಕುವುದಿಲ್ಲ, ಕಿಟ್ ಮಾಡಿದವರನ್ನು ನಂಬಬೇಕು. ಮುಂದಿನ ಪ್ರಶ್ನೆ ಆ ನಂಬಿಕೆಯದ್ದೇ.

ಪ್ರಶ್ನೆ: ನಾನು ಇಲ್ಲಿ ಹಾರಾಟ ಕಲಿಯುತ್ತಿದ್ದೇನೆ. ಹಳೆಯ ಜೋಡಿಯಾಕ್ ಸಿಎಚ್-601 ಎಕ್ಸ್‌ಎಲ್ ಒಂದು ಕಡಿಮೆ ಬೆಲೆಗೆ ಬಂದಿದೆ. ಅದರ ರೆಕ್ಕೆ ಮುರಿಯುತ್ತೆ ಅಂತ ಕ್ಲಬ್ಬಿನಲ್ಲಿ ಹೆದರಿಸುತ್ತಾರೆ. ತಗೊಳ್ಳಬಹುದಾ? (ಕ್ಯಾಲಿಫೋರ್ನಿಯಾದ ಕನ್ನಡಿಗ)

ಮೊದಲು ಕತೆ ಪೂರ್ತಿ ಕೇಳಿ, ಆಮೇಲೆ ದುಡ್ಡಿನ ಮಾತು.

ಜೋಡಿಯಾಕ್ ಅನ್ನು ವಿನ್ಯಾಸ ಮಾಡಿದವರು ಕ್ರಿಸ್ ಹೈಂಟ್ಸ್. ಯಾರೋ ಹವ್ಯಾಸಿ ಅಲ್ಲ. ಶಬ್ದಕ್ಕಿಂತ ವೇಗದ ಪ್ರಯಾಣಿಕ ವಿಮಾನ ಕಾನ್‌ಕಾರ್ಡ್ ಕೆಲಸದಲ್ಲಿ ಇದ್ದವರು, ಫ್ರಾನ್ಸಿನ ರೋಬಿನ್ ಕಂಪನಿಯಲ್ಲಿ ವಿಮಾನ ವಿನ್ಯಾಸ ಮಾಡಿದವರು, ಆಮೇಲೆ ಕೆನಡಾದಲ್ಲಿ ಝೆನೇರ್ ಕಂಪನಿ ಶುರು ಮಾಡಿದವರು. ಅವರ ವಿಮಾನಗಳನ್ನು ಜನ ಇಷ್ಟಪಟ್ಟು ಕಟ್ಟಿದ್ದಾರೆ. ಎಕ್ಸ್‌ಎಲ್ ಎರಡು ಸೀಟಿನ ಪೂರ್ತಿ ಲೋಹದ ವಿಮಾನ, ರೆಕ್ಕೆ ಕೆಳಗೆ. ಕಿಟ್ ತಂದು ಕಟ್ಟಿಕೊಳ್ಳಬಹುದಿತ್ತು, ಕಾರ್ಖಾನೆಯಲ್ಲಿ ರೆಡಿ ಮಾಡಿದ್ದೂ ಸಿಗುತ್ತಿತ್ತು. ಅಮೆರಿಕದಲ್ಲಿ 2004ರಲ್ಲಿ ಲೈಟ್ ಸ್ಪೋರ್ಟ್ ಅನ್ನುವ ಹೊಸ ವರ್ಗ ಬಂತು, 600 ಕೆ.ಜಿ. ಒಳಗಿನ ಸಣ್ಣ ವಿಮಾನಗಳಿಗೆ. ಆ ವರ್ಗದಲ್ಲಿ ಸರ್ಕಾರ ಪ್ರತಿ ವಿನ್ಯಾಸವನ್ನೂ ಕೂತು ಪರೀಕ್ಷೆ ಮಾಡುವುದಿಲ್ಲ. ಉದ್ಯಮದವರು ಸೇರಿ ಒಪ್ಪಿಕೊಂಡ ಮಾನದಂಡ ಇರುತ್ತದೆ, ತಯಾರಕರೇ 'ನಮ್ಮದು ಅದರ ಪ್ರಕಾರ ಇದೆ' ಅಂತ ಬರೆದುಕೊಡುತ್ತಾರೆ.

2006ರಿಂದ ಒಂದೊಂದೇ ಮುರಿಯಲು ಶುರುವಾಯಿತು. ಕ್ಯಾಲಿಫೋರ್ನಿಯಾದ ಓಕ್‌ಡೇಲ್, ಅದೇ ವರ್ಷ ಯೂಬಾ ಸಿಟಿ, 2008ರಲ್ಲಿ ಸ್ಪೇನಿನ ಬಾರ್ಸಿಲೋನಾ ಹತ್ತಿರ, ಆಮೇಲೆ ಫ್ಲೋರಿಡಾ, ನೆದರ್‌ಲ್ಯಾಂಡ್ಸ್, 2009ರ ಮಾರ್ಚ್‌ನಲ್ಲಿ ಯೂಟಾ. ಕೆಲವು ಸುಮ್ಮನೆ ನೇರವಾಗಿ ಹಾರುತ್ತಿದ್ದಾಗಲೇ ಮುರಿದವು. ಒಂದೊಂದನ್ನೇ ಬಿಡಿಬಿಡಿಯಾಗಿ ನೋಡಿದರೆ ಪೈಲಟ್ ತಪ್ಪು, ಕಟ್ಟಿದವರ ತಪ್ಪು, ಗಾಳಿಯ ತಪ್ಪು ಅಂತ ಹೇಗೋ ಮುಚ್ಚಿಬಿಡಬಹುದಿತ್ತು. ಒಟ್ಟಿಗೆ ಇಟ್ಟು ನೋಡಿದ್ದೇ ಇಲ್ಲಿ ದೊಡ್ಡ ಕೆಲಸ. ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ 2009ರ ಏಪ್ರಿಲ್ 14ರಂದು, ಆರು ವಿಮಾನ ಮುರಿದಿವೆ, 10 ಜನ ಸತ್ತಿದ್ದಾರೆ, ಏಲರಾನ್ ಫ್ಲಟರ್ ಕಾರಣ ಇರಬಹುದು, ಇವನ್ನು ಹಾರಿಸುವುದನ್ನೇ ನಿಲ್ಲಿಸಿ ಅಂತ ವಿಮಾನಯಾನ ಇಲಾಖೆ ಎಫ್‌ಎಎಗೆ ತುರ್ತು ಶಿಫಾರಸು ಕಳಿಸಿತು. ಸಣ್ಣ ವಿಮಾನವೊಂದಕ್ಕೆ ಇಷ್ಟು ಖಡಕ್ಕಾಗಿ ಹೇಳುವುದು ಅಪರೂಪ. ಏಲರಾನ್‌ಗೆ ಸಮತೂಕದ ಸೀಸ ಇರಲಿಲ್ಲ ಅನ್ನುವುದನ್ನೂ ಎತ್ತಿ ತೋರಿಸಿತು.

ವಿನ್ಯಾಸಕಾರರ ಕಡೆಯವರು ಒಪ್ಪಲಿಲ್ಲ. ಏಲರಾನನ್ನು ಆಡಿಸುವ ಕೇಬಲ್ಲುಗಳನ್ನು ಹೇಳಿದಷ್ಟು ಬಿಗಿ ಇಟ್ಟರೆ ಫ್ಲಟರ್ ಬರುವುದೇ ಇಲ್ಲ ಅಂದರು. ಜರ್ಮನಿಯಲ್ಲಿ ಮಾಡಿಸಿದ ವೈಬ್ರೇಶನ್ ಪರೀಕ್ಷೆಯನ್ನೂ ಮುಂದಿಟ್ಟರು. ಅದು ಪೂರ್ತಿ ಪೊಳ್ಳು ವಾದವೇನಲ್ಲ, ಕೇಬಲ್ ಸಡಿಲ ಇದ್ದರೆ ಅಪಾಯ ಜಾಸ್ತಿ ಅನ್ನುವುದನ್ನು ಎರಡೂ ಕಡೆಯವರು ಒಪ್ಪುತ್ತಿದ್ದರು. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಒಂದು ಕೇಬಲ್ ಬಿಗಿ ತಪ್ಪಿದ ಮಾತ್ರಕ್ಕೆ ರೆಕ್ಕೆ ಕಳಚುತ್ತದೆ ಅಂದರೆ ಆ ವಿನ್ಯಾಸದಲ್ಲಿ ಸುರಕ್ಷತೆಯ ಅಂತರ ಬಹಳ ಕಡಿಮೆ ಇದೆ. ಕೇಬಲ್ ಸಡಿಲ ಆಗುವುದು ಮಾಮೂಲಿ ಸಂಗತಿ. ಬಿಸಿಲಿಗೆ, ಚಳಿಗೆ, ಬಳಕೆಗೆ ಅದು ಬದಲಾಗುತ್ತಲೇ ಇರುತ್ತದೆ.

ಎಫ್‌ಎಎ ಏನು ಮಾಡಿತು? ಜುಲೈನಲ್ಲಿ, ಹಾರಾಟ ನಿಲ್ಲಿಸುವಷ್ಟು ಆಧಾರ ಸದ್ಯಕ್ಕೆ ನಮ್ಮ ಹತ್ತಿರ ಇಲ್ಲ, ವಿಶೇಷ ತಂಡ ಪರಿಶೀಲಿಸುತ್ತಿದೆ ಅಂತ ಉತ್ತರಿಸಿತು. 2009ರ ನವೆಂಬರ್ 6ರಂದು ಅರ್ಕಾನ್ಸಾ ರಾಜ್ಯದ ಆಗ್ನೋಸ್ ಅನ್ನುವ ಊರಿನ ಹತ್ತಿರ ಇನ್ನೊಂದು ಎಕ್ಸ್‌ಎಲ್ ಆಕಾಶದಲ್ಲಿ ಮುರಿಯಿತು. ಆಮೇಲೆ ಎಲ್ಲ ಚುರುಕಾಯಿತು. ಮರುದಿನವೇ ಎಫ್‌ಎಎ ಎಚ್ಚರಿಕೆ ಪತ್ರ ಹೊರಡಿಸಿತು, ಮಾರ್ಪಾಡು ಆಗುವವರೆಗೆ ಹಾರಿಸಬೇಡಿ ಅಂದಿತು. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಕಾದದ್ದನ್ನು ನಾನಂತೂ ಸಮರ್ಥಿಸಲಾರೆ. ಕಾರಣ ಪಕ್ಕಾ ಗೊತ್ತಿಲ್ಲ ಅನ್ನುವುದು ಹಾರಾಟ ಮುಂದುವರಿಸಲು ಕೊಡುವ ಕಾರಣವಲ್ಲ, ನಿಲ್ಲಿಸಲು ಕೊಡಬೇಕಾದ ಕಾರಣ.

2010ರ ಜನವರಿಯಲ್ಲಿ ಬಂದ ಎಫ್‌ಎಎ ತಂಡದ ವರದಿಯನ್ನು ಓದಿದರೆ ಕೈಗೆ ಒಬ್ಬ ಅಪರಾಧಿ ಸಿಗುವುದಿಲ್ಲ. ಒಂದೇ ಮೂಲ ಕಾರಣ ಅಂತ ಇಲ್ಲ, ಹಲವು ಸೇರಿ ಹೀಗಾಗಿರಬಹುದು ಅಂದಿತು. ರೆಕ್ಕೆಯ ಬಲವನ್ನು ಲೆಕ್ಕ ಹಾಕಿದ್ದರಲ್ಲಿ ಕೊರತೆ. ಫ್ಲಟರ್ ಸಾಧ್ಯತೆ. ವೇಗ ತೋರಿಸುವ ಮೀಟರಿನ ಹೊಂದಾಣಿಕೆ ಸರಿ ಇಲ್ಲದೆ ಪೈಲಟ್ ಅಂದುಕೊಂಡಿದ್ದಕ್ಕಿಂತ ಜೋರಾಗಿ ಹೋಗುತ್ತಿರುವ ಸಾಧ್ಯತೆ. ಜೊತೆಗೆ ಪೈಲಟ್ ಕೈಯಲ್ಲಿ ಹಿಡಿದು ವಿಮಾನ ನಡೆಸುವ ಸ್ಟಿಕ್ ತೀರಾ ಹಗುರ, ಅದೂ ವಿಮಾನದ ತೂಕ ಹಿಂದಕ್ಕೆ ಬಿದ್ದಾಗ. ಸ್ಟಿಕ್ ಹಗುರ ಇದ್ದರೆ ಒಳ್ಳೇದೇ ಅಲ್ವಾ ಅನ್ನಿಸಬಹುದು. ಅಲ್ಲ. ಜೋರಾಗಿ ಎಳೆಯಬೇಕಾದರೆ ಕೈಗೇ ಗೊತ್ತಾಗುತ್ತದೆ, ರೆಕ್ಕೆ ಮೇಲೆ ಭಾರ ಬೀಳುತ್ತಿದೆ ಅಂತ. ಹಗುರ ಇದ್ದರೆ ಎರಡು ಬೆರಳಲ್ಲಿ ರೆಕ್ಕೆಯ ಮಿತಿ ದಾಟಿಸಬಹುದು, ಗೊತ್ತೇ ಆಗುವುದಿಲ್ಲ.

ಕೊನೆಗೆ ಬಂದ ಮಾರ್ಪಾಡಿನ ಕಿಟ್ಟಿನಲ್ಲಿ ಸ್ಪಾರ್ ಮತ್ತು ರೆಕ್ಕೆ ಸೇರುವ ನಡುಭಾಗವನ್ನು ಗಟ್ಟಿ ಮಾಡುವ ತುಂಡುಗಳೂ ಇದ್ದವು, ಏಲರಾನ್‌ಗೆ ಸಮತೂಕದ ಸೀಸವೂ ಇತ್ತು. ಯಾರ ವಾದ ಗೆದ್ದಿತು ಅಂತ ಕೇಳಬೇಡಿ, ಎರಡನ್ನೂ ಸರಿ ಮಾಡಿದರು. ಮುಂದಿನ ಮಾದರಿ ಸಿಎಚ್-650.

ಈಗ ನಿಮ್ಮ ಪ್ರಶ್ನೆ. ಮಾರ್ಪಾಡು ಆಗಿದೆ ಅಂತ ಮಾರುವವರು ಬಾಯಿಮಾತಲ್ಲಿ ಹೇಳಿದರೆ ಸಾಲದು, ಲಾಗ್‌ಬುಕ್ಕಿನಲ್ಲಿ ತಾರೀಖು ಸಮೇತ ಇರಬೇಕು, ಕೆಲಸದ ಫೋಟೋ ಇರಬೇಕು. ಈ ಮಾದರಿಯ ಕೆಲಸ ಗೊತ್ತಿರುವ ಲೈಸೆನ್ಸ್ ಇರುವ ಮೆಕ್ಯಾನಿಕ್ ಒಬ್ಬರು ಮುಚ್ಚಳ ಬಿಚ್ಚಿ ಸ್ಪಾರ್ ನೋಡಲಿ, ಕೇಬಲ್ ಬಿಗಿಯನ್ನು ಮೀಟರಿನಲ್ಲಿ ಅಳೆಯಲಿ, ಹೊಸದಾಗಿ ತೂಕ ಮಾಡಿಸಿ. ಮಾರ್ಪಾಡು ಆಗಿಲ್ಲವಾ? ಹಾಗಿದ್ದರೆ ಅದು ಬಿಡಿಭಾಗಗಳ ಬೆಲೆಯ ವಿಮಾನ. 'ಒಂದು ಸಲ ಹಾರಿಸಿಕೊಂಡು ಮನೆಗೆ ತಂದು ಆಮೇಲೆ ಮಾಡಿಸುತ್ತೇನೆ' ಅನ್ನಬೇಡಿ. ಟ್ರೇಲರ್‌ನಲ್ಲಿ ತನ್ನಿ.

ಪ್ರಶ್ನೆ: ಕೊನೆಗೆ ಎಲ್ಲ ವರದಿಯಲ್ಲೂ ಪೈಲಟ್‌ನದ್ದೇ ತಪ್ಪು ಅಂತಾರೆ. ಸತ್ತವರು ಮಾತಾಡಲ್ಲ ಅಂತ ತಾನೇ? (ತುಮಕೂರಿನಿಂದ)

ನಿಮ್ಮ ಕೋಪ ಅರ್ಥವಾಗುತ್ತದೆ. ಆದರೆ ಕೆಲವು ಸಲ ಪೈಲಟ್ ತಪ್ಪು ಅನ್ನುವುದು ನಿಜವೂ ಹೌದು.

ಸ್ವಲ್ಪ ಲೆಕ್ಕ ಮಾಡೋಣ. ರೆಕ್ಕೆ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವಿಮಾನ ಹಾರಿಕೊಂಡಿರಲು ಬೇಕಾದ ಕನಿಷ್ಠ ವೇಗದ ಎರಡರಷ್ಟು ವೇಗದಲ್ಲಿ ನೀವು ಸ್ಟಿಕ್ ಒಮ್ಮೆಲೇ ಎಳೆದರೆ ರೆಕ್ಕೆ ಮೇಲೆ ಬೀಳಬಹುದಾದ ಗರಿಷ್ಠ ಭಾರ ವಿಮಾನದ ತೂಕದ ನಾಲ್ಕರಷ್ಟು. ಅದಕ್ಕಿಂತ ಹೆಚ್ಚು ಬೀಳುವ ಮೊದಲೇ ರೆಕ್ಕೆ ಎತ್ತುವುದನ್ನು ನಿಲ್ಲಿಸಿಬಿಡುತ್ತದೆ, ಮುರಿಯುವುದಿಲ್ಲ. ಮೂರರಷ್ಟು ವೇಗದಲ್ಲಿ ಅದೇ ಎಳೆತಕ್ಕೆ ಒಂಬತ್ತರಷ್ಟು. ಇಂಥ ಸಣ್ಣ ವಿಮಾನಗಳ ಮಿತಿ ಸಾಮಾನ್ಯವಾಗಿ ನಾಲ್ಕರ ಆಸುಪಾಸು, ಮುರಿಯದೆ ತಡೆಯಬೇಕಾದದ್ದು ಅದರ ಒಂದೂವರೆಯಷ್ಟು, ಅಂದರೆ ಆರು. ಆರಕ್ಕೂ ಒಂಬತ್ತಕ್ಕೂ ನಡುವೆ ತಗಡು ಜೋಡಿಸುವ ಯಾವ ರಿವೆಟ್ಟೂ ನಿಮ್ಮನ್ನು ಕಾಪಾಡುವುದಿಲ್ಲ.

1998ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ರಿಪ್ಲಿ ಹತ್ತಿರ ಕಿಟ್ ಮಾರುವ ವ್ಯಾನ್ಸ್ ಕಂಪನಿಯದೇ ಪ್ರದರ್ಶನದ ಆರ್‌ವಿ-8 ವಿಮಾನದ ರೆಕ್ಕೆ ಕಳಚಿ ಇಬ್ಬರು ಸತ್ತರು. ಕಿಟ್ ಕೊಂಡಿದ್ದವರಿಗೆಲ್ಲ ಜೀವ ಬಾಯಿಗೆ ಬಂದಿತ್ತು. ಕಂಪನಿ ಇನ್ನೊಂದು ರೆಕ್ಕೆ ಮಾಡಿ ಭಾರ ಹೇರಿ ಪರೀಕ್ಷಿಸಿತು, ರೆಕ್ಕೆ ತಡೆದುಕೊಂಡಿತು. ಹಾರುವಾಗ ವಿನ್ಯಾಸದ ಮಿತಿ ಮೀರಿದ ಭಾರ ಬಿದ್ದಿತ್ತು ಅನ್ನುವ ಕಡೆಗೇ ತನಿಖೆ ಹೋಯಿತು. ಜೋಡಿಯಾಕ್‌ಗೂ ಇದಕ್ಕೂ ವ್ಯತ್ಯಾಸ ಇಲ್ಲಿದೆ ನೋಡಿ: ಒಂದು ಕಡೆ ಅದೇ ಮಾದರಿಯ ವಿಮಾನಗಳು ಸಾಲಾಗಿ ಮುರಿದವು, ಇನ್ನೊಂದು ಕಡೆ ರೆಕ್ಕೆ ಪರೀಕ್ಷೆ ಪಾಸಾಯಿತು. ಅದಕ್ಕೇ 'ಪೈಲಟ್ ತಪ್ಪು' ಅನ್ನುವ ಮಾತನ್ನು ಕಣ್ಣು ಮುಚ್ಚಿ ನಂಬಬೇಡಿ, ಕಣ್ಣು ಮುಚ್ಚಿ ತಳ್ಳಿಯೂ ಹಾಕಬೇಡಿ. ರೆಕ್ಕೆ ಪರೀಕ್ಷೆ ಮಾಡಿದರಾ, ಅದೇ ಮಾದರಿಯ ಬೇರೆ ವಿಮಾನಗಳ ದಾಖಲೆ ನೋಡಿದರಾ ಅಂತ ಕೇಳಿ.

ಮೋಡದ ವಿಷಯ ಬೇರೆ. ಉಪಕರಣ ನೋಡಿ ಹಾರಿಸಲು ಕಲಿಯದ ಪೈಲಟ್ ಮೋಡದೊಳಗೆ ಹೋದರೆ ಯಾವುದು ಮೇಲೆ ಯಾವುದು ಕೆಳಗೆ ಅಂತ ದೇಹಕ್ಕೆ ಗೊತ್ತಾಗುವುದಿಲ್ಲ. ವಿಮಾನ ಮೆಲ್ಲಗೆ ವಾಲಿ ಸುರುಳಿಯಾಗಿ ಇಳಿಯುತ್ತದೆ, ವೇಗ ಏರುತ್ತದೆ, ಕೆಳಗೆ ಬರುವಾಗ ನೆಲ ಕಂಡ ಕೂಡಲೇ ಗಾಬರಿಯಲ್ಲಿ ಸ್ಟಿಕ್ ಎಳೆಯುತ್ತಾರೆ. ಮೇಲಿನ ಲೆಕ್ಕ ಅಲ್ಲಿ ಕೆಲಸ ಮಾಡುತ್ತದೆ. ಕಾರ್ಖಾನೆಯಲ್ಲಿ ಕಟ್ಟಿದ ಒಳ್ಳೊಳ್ಳೆ ವಿಮಾನಗಳೂ ಹೀಗೆ ಮುರಿದಿವೆ.

ಕಟ್ಟಿದವರ ತಪ್ಪೂ ಇರಬಹುದು, ಅದನ್ನೂ ಹುಡುಕುತ್ತಾರೆ. ಮನೆಯಲ್ಲಿ ಕಟ್ಟುವವರು ಫೋಟೋ ತೆಗೆದು ಡೈರಿ ಇಡುತ್ತಾರಲ್ಲ, ಅದು ತನಿಖೆಗೆ ಚಿನ್ನ. ಸ್ಪಾರ್ ಮುಚ್ಚುವ ಮುಂಚಿನ ಒಂದು ಫೋಟೋದಲ್ಲಿ ತೂತು ಅಂಚಿಗೆ ತೀರಾ ಹತ್ತಿರ ಬಿದ್ದಿದ್ದು, ಒಂದು ಸಾಲು ರಿವೆಟ್ ಬಿಟ್ಟುಹೋಗಿದ್ದು ಕಾಣಬಹುದು. ಕೊಂಡ ಸಾಮಾನಿನ ರಸೀದಿಯನ್ನೂ ನೋಡುತ್ತಾರೆ, ಬೋಲ್ಟ್ ವಿಮಾನದ್ದೋ ಹಾರ್ಡ್‌ವೇರ್ ಅಂಗಡಿಯದ್ದೋ ಅಂತ.

ಪ್ರಶ್ನೆ: ಬ್ಲ್ಯಾಕ್ ಬಾಕ್ಸ್ ನೋಡಿದರೆ ಆಗಲ್ವಾ? (ಬಳ್ಳಾರಿಯಿಂದ)

ಇರೋದೇ ಇಲ್ಲ. ಇಷ್ಟು ಸಣ್ಣ ವಿಮಾನಕ್ಕೆ ಕಡ್ಡಾಯವೂ ಅಲ್ಲ. ಬದಲಿಗೆ ಕೈಯಲ್ಲಿ ಹಿಡಿಯುವ ಜಿಪಿಎಸ್, ಕಾಕ್‌ಪಿಟ್ಟಿನ ಸ್ಕ್ರೀನು, ಮೊಬೈಲು, ವಿಡಿಯೋ ಕ್ಯಾಮೆರಾ, ಇವುಗಳ ಮೆಮೊರಿ ಚಿಪ್ಪನ್ನು ಪ್ರಯೋಗಾಲಯದಲ್ಲಿ ಕಿತ್ತು ಓದುತ್ತಾರೆ. ನುಜ್ಜಾದ ಜಿಪಿಎಸ್‌ನಿಂದಲೂ ಕೊನೆಯ ನಿಮಿಷಗಳ ವೇಗ, ಎತ್ತರ ಸಿಕ್ಕಿದ್ದುಂಟು. ರೇಡಾರ್ ದಾಖಲೆಯೂ ಇರುತ್ತದೆ, ಆದರೆ ಅದು ಕೆಲವು ಸೆಕೆಂಡಿಗೊಮ್ಮೆ ಒಂದು ಚುಕ್ಕೆ ಅಷ್ಟೆ. ಫ್ಲಟರ್ ಆ ಎರಡು ಚುಕ್ಕೆಗಳ ನಡುವೆ ಮುಗಿದುಹೋಗಿರುತ್ತದೆ.

ಪ್ರಶ್ನೆ: ಇಡೀ ವಿಮಾನಕ್ಕೇ ಪ್ಯಾರಾಶೂಟ್ ಇರುತ್ತಂತೆ? (ಉಡುಪಿಯಿಂದ)

ಹೌದು, ಇದೆ. ಹಿಡಿ ಎಳೆದರೆ ಸಣ್ಣ ರಾಕೆಟ್ ಒಂದು ಪ್ಯಾರಾಶೂಟನ್ನು ಹೊರಗೆ ಎಳೆಯುತ್ತದೆ. ರೆಕ್ಕೆ ಮುರಿದ ಮೇಲೂ ಜನ ಬದುಕಲು ಇರುವ ಒಂದೇ ದಾರಿ ಹೆಚ್ಚುಕಡಿಮೆ ಇದೇ, ಎತ್ತರ ಇದ್ದರೆ ಮತ್ತು ಕೈ ಹಿಡಿವರೆಗೆ ಹೋದರೆ. ಇದರ ಇನ್ನೊಂದು ಮುಖ ಹೇಳಿಬಿಡುತ್ತೇನೆ: ಹಾರದೆ ಉಳಿದ ರಾಕೆಟ್ ಅವಶೇಷದಲ್ಲಿ ಜೀವಂತ ಇರುತ್ತದೆ. ಸಹಾಯಕ್ಕೆ ಓಡಿ ಬಂದವರು ಗೊತ್ತಿಲ್ಲದೆ ಕೇಬಲ್ ಕತ್ತರಿಸಿದರೆ, ಎಳೆದರೆ, ಅವರ ಪ್ರಾಣಕ್ಕೇ ಕುತ್ತು. ತನಿಖೆಯವರು ಮೊದಲು ಅದನ್ನು ಸುರಕ್ಷಿತ ಮಾಡಿಯೇ ಬೇರೆ ಕೆಲಸಕ್ಕೆ ಕೈ ಹಾಕುವುದು.

ಪ್ರಶ್ನೆ: ನಮ್ಮ ದೇಶದಲ್ಲಿ ಮನೆಯಲ್ಲಿ ವಿಮಾನ ಕಟ್ಟಿದವರು ಇದ್ದಾರಾ? (ದಾವಣಗೆರೆಯಿಂದ)

ಇದ್ದಾರೆ, ಬಹಳ ಕಡಿಮೆ. ಮುಂಬೈನ ಪೈಲಟ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿ, 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಇಟ್ಟಿದ್ದು, 2017ರಲ್ಲಿ ಅದಕ್ಕೆ ನೋಂದಣಿ ಸಿಕ್ಕಿದ್ದು ಸುದ್ದಿಯಾಗಿತ್ತು. ನಮ್ಮಲ್ಲಿ ಕಷ್ಟ ಇರೋದು ಕಟ್ಟೋದರಲ್ಲಿ ಅಷ್ಟಲ್ಲ, ಕಾಗದಪತ್ರದಲ್ಲಿ ಜಾಸ್ತಿ. ಇನ್ನು ಬೆಂಗಳೂರಿನ ರಾಜ್ ಹಂಸ ಕಂಪನಿ ಎಕ್ಸ್-ಏರ್ ಅನ್ನುವ, ಕೊಳವೆ ಮೇಲೆ ಬಟ್ಟೆ ಹೊದಿಸಿದ ಹಗುರ ವಿಮಾನಗಳನ್ನು ಮಾಡಿ ಬ್ರಿಟನ್, ಫ್ರಾನ್ಸ್ ಕಡೆಗೂ ಕಿಟ್ ಕಳಿಸಿದೆ. ಅಲ್ಲಿನ ಎಷ್ಟೋ ಹವ್ಯಾಸಿಗಳು ತಮ್ಮ ಗ್ಯಾರೇಜಿನಲ್ಲಿ ಜೋಡಿಸಿದ್ದು ಬೆಂಗಳೂರಲ್ಲಿ ಮಾಡಿದ ತುಂಡುಗಳನ್ನು.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನನ್ನು ಅವನ ಸಹೋದ್ಯೋಗಿ ತಾನೇ ಕಟ್ಟಿದ ವಿಮಾನದಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾರಂತೆ. ಹೋಗು ಅನ್ನಲಾ, ಬೇಡ ಅನ್ನಲಾ? ಇಂಥವನ್ನು ನಿಷೇಧ ಮಾಡಬಾರದಾ? (ಶಿವಮೊಗ್ಗದ ಓದುಗರೊಬ್ಬರು)

ನಿಷೇಧದ ಮಾತು ಮೊದಲು. ಎನ್‌ಟಿಎಸ್‌ಬಿ 2012ರಲ್ಲಿ ಈ ವಿಮಾನಗಳ ಬಗ್ಗೆಯೇ ಒಂದು ಅಧ್ಯಯನ ಮಾಡಿತು. ಅಮೆರಿಕದ ಸಣ್ಣ ಖಾಸಗಿ ವಿಮಾನಗಳಲ್ಲಿ ಹತ್ತಿರ ಹತ್ತಿರ 10 ಶೇಕಡ ಇಂಥವು. ಆದರೆ 2011ರ ಅಪಘಾತಗಳಲ್ಲಿ ಸುಮಾರು 15 ಶೇಕಡ, ಸಾವಾದ ಅಪಘಾತಗಳಲ್ಲಿ 21 ಶೇಕಡ ಇವುಗಳದ್ದು. ಅಪಾಯ ಜಾಸ್ತಿ ಅನ್ನುವುದರಲ್ಲಿ ಅನುಮಾನ ಬೇಡ. ಆದರೆ ಅದರಲ್ಲಿ ಹೆಚ್ಚಿನವು ರೆಕ್ಕೆ ಮುರಿದು ಆದದ್ದಲ್ಲ. ಎಂಜಿನ್ ನಿಲ್ಲುವುದು ಮತ್ತು ಹಿಡಿತ ತಪ್ಪುವುದು, ಇವೆರಡೇ ಮುಖ್ಯ. ಇನ್ನೊಂದು ಸಂಗತಿ, ಆ ವರ್ಷ ಅಪಘಾತಕ್ಕೆ ಸಿಕ್ಕಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿಮಾನಗಳನ್ನು ಹಾರಿಸುತ್ತಿದ್ದವರು ತಾವೇ ಕಟ್ಟಿದವರಲ್ಲ, ಸೆಕೆಂಡ್‌ಹ್ಯಾಂಡ್ ಕೊಂಡವರು. ಕಟ್ಟಿದವರಿಗೆ ಪ್ರತಿ ಮೂಲೆಯೂ ಗೊತ್ತಿರುತ್ತದೆ, ಕೊಂಡವರಿಗೆ ಗೊತ್ತಿರುವುದಿಲ್ಲ. ನಿಷೇಧ ಮಾಡಿದರೆ ಎಲ್ಲ ಕಳ್ಳತನದಲ್ಲಿ ನಡೆಯುತ್ತೆ, ತನಿಖೆ ಕೂಡ ಆಗೋದಿಲ್ಲ. ನನಗೆ ಅದು ಬೇಡ ಅನ್ನಿಸುತ್ತದೆ.

ಇನ್ನು ನಿಮ್ಮ ಹುಡುಗ. ಕಾಕ್‌ಪಿಟ್ಟಿನಲ್ಲಿ ಒಂದು ಫಲಕ ಇರುತ್ತದೆ: ಇದು ಹವ್ಯಾಸಿ ಕಟ್ಟಿದ್ದು, ಮಾಮೂಲಿ ವಿಮಾನಗಳ ಸುರಕ್ಷತಾ ನಿಯಮಕ್ಕೆ ಒಳಪಟ್ಟಿಲ್ಲ ಅಂತ. ಹತ್ತುವ ಮುಂಚೆ ಅವನು ಅದನ್ನು ಓದಲಿ, ಅದು ಅಲಂಕಾರಕ್ಕೆ ಹಾಕಿದ್ದಲ್ಲ. ಆಮೇಲೆ ಸಂಕೋಚ ಇಲ್ಲದೆ ಕೇಳಲಿ. ಶುರುವಿನ ಪರೀಕ್ಷಾ ಹಾರಾಟದ ಗಂಟೆಗಳು ಮುಗಿದಿವೆಯಾ? ಆ ಅವಧಿಯಲ್ಲಿ ಪ್ರಯಾಣಿಕರನ್ನು ಕೂರಿಸುವಂತೆಯೇ ಇಲ್ಲ. ಈ ವರ್ಷದ ತಪಾಸಣೆ ಯಾವಾಗ ಆಯಿತು? ಆಮೇಲೆ ಏನಾದರೂ ಬದಲಾಯಿಸಿದ್ದೀರಾ, ಬಣ್ಣ ಹೊಡೆಸಿದ್ದೀರಾ? ಒಳ್ಳೆಯ ಬಿಲ್ಡರ್ ಆದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಿಂದ ಅರ್ಧ ದಿನ ತೋರಿಸುತ್ತಾರೆ. ಮೋಡ ಇರುವ ದಿನ ಬೇಡ. ಗಾಳಿ ಎತ್ತಿ ಹಾಕುವ ಮಧ್ಯಾಹ್ನ ಬೇಡ, ಬೆಳಿಗ್ಗೆ ಹೋಗಲಿ. ಪಲ್ಟಿ ಹೊಡೆದು ತೋರಿಸುತ್ತೇನೆ ಅಂದರೆ ನಯವಾಗಿ ಬೇಡ ಅನ್ನಲಿ. ಮತ್ತೆ ಹೊರಡುವ ಮುಂಚೆ ಅವರು 'ನಿನ್ನ ತೂಕ ಎಷ್ಟು, ಬ್ಯಾಗಿನದು ಎಷ್ಟು' ಅಂತ ಕೇಳಿ ಕಾಗದದಲ್ಲಿ ಲೆಕ್ಕ ಹಾಕಬೇಕು. ಕೇಳದೆ ಹೊರಟರೆ ಅವನು ಕೆಳಗೇ ಇರಲಿ.